ಎರಡು ಟಿಕೆಟ್, ನಡುವೆ ದುಬೈ: ನನ್ನ ಅನುಭವ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಪ್ಪ ಅಮ್ಮನನ್ನು ಎರಡು ಬೇರೆ ಬೇರೆ ಟಿಕೆಟ್‌ಗಳಲ್ಲಿ, ದುಬೈನಲ್ಲಿ ಲಗೇಜು ಬಿಡಿಸಿಕೊಂಡು ಕರೆದೊಯ್ಯುತ್ತೇನೆಂದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಿರಲಿಲ್ಲ. ಈ ಬಾರಿ ಅದು ಸರಾಗವಾಗಿ ನಡೆಯಿತು. ಇಬ್ಬರಿಗೂ ಸೇರಿ ಹೆಚ್ಚುಕಡಿಮೆ ಐವತ್ತು ಸಾವಿರ ರೂಪಾಯಿ ಉಳಿಯಿತು.

ಹಿಂದಿನ ಪ್ರಯತ್ನ ಕೆಟ್ಟದ್ದು ಬೆಂಗಳೂರಿನ ಕೌಂಟರಿನಲ್ಲಿ. ಸೂಟ್‌ಕೇಸನ್ನು ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕಳಿಸಲು ಫೋನಿನಲ್ಲಿ ಒಪ್ಪಿದ್ದ ವಿಮಾನಸಂಸ್ಥೆಯವರು ಅಲ್ಲಿ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಬೇರೆಯೆಂದು ಸೂಟ್‌ಕೇಸಿಗೆ ದುಬೈವರೆಗಿನ ಟ್ಯಾಗನ್ನಷ್ಟೇ ಹಾಕಿದರು. ಅಮೆರಿಕದ ವೀಸಾ ಇದ್ದುದರಿಂದ ದುಬೈನಲ್ಲಿ ಇಳಿದ ಮೇಲೆ ವೀಸಾ ದೊರೆಯಿತಾದರೂ, ಆ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮುಂದಿನ ವಿಮಾನ ತಪ್ಪಿ, ಹೊಸ ಟಿಕೆಟ್‌ಗೆ ಎಂಬತ್ತು ಸಾವಿರದಷ್ಟು ತೆರಬೇಕಾಯಿತು.

ಪೆಟ್ಟಿಗೆ ದುಬೈ ತಲುಪಿದ ಕ್ಷಣದಿಂದ ಅದರೊಳಗಿನ ಪ್ರತಿಯೊಂದಕ್ಕೂ ಆ ದೇಶದ (ಯುಎಇ) ಕಾನೂನು ಅನ್ವಯಿಸುತ್ತದೆ. ಅಲ್ಲಿ ಗಸಗಸೆ ಮಾದಕವಸ್ತುಗಳ ಸಾಲಿಗೆ ಸೇರಿದ ನಿಷಿದ್ಧ ಪದಾರ್ಥ. ಪಾಯಸಕ್ಕೆಂದು ಅಮ್ಮ ಇಟ್ಟಿದ್ದ ಪೊಟ್ಟಣವನ್ನು ತೆಗೆದರೆ ಸಾಲದು. ಸಾಗು ಮಸಾಲೆಗೂ ಗಸಗಸೆ ಹುರಿದು ಹಾಕುವುದು ನಮ್ಮ ಮನೆಯ ರೂಢಿ. ಪ್ರತಿ ಪುಡಿಗೂ ಏನೇನು ಹಾಕಿದ್ದೀರೆಂದು ಅಮ್ಮನನ್ನು ಕೇಳಿ ಎರಡು ಡಬ್ಬಿ ಮನೆಯಲ್ಲೇ ಬಿಟ್ಟೆವು. ಹಿಂದೆ ಗಸಗಸೆ ಚೆಲ್ಲಿದ್ದ ಚೀಲವನ್ನು ಸಹ ಒಯ್ಯಲಿಲ್ಲ.

ಅಪ್ಪನ ನರನೋವಿನ ಮಾತ್ರೆಯಲ್ಲಿ ಪ್ರಿಗಾಬಲಿನ್ ಇದೆ. ಅದು ಅಲ್ಲಿ ನಿಯಂತ್ರಿತ ಔಷಧವಾದ್ದರಿಂದ, ವೈದ್ಯರ ಚೀಟಿ ಲಗತ್ತಿಸಿ ಯುಎಇ ಸರ್ಕಾರದ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದೆ. ಇದೇ ಕಾರಣಕ್ಕೆ ಕೋಡೀನ್ (ಅಫೀಮು ವರ್ಗದ ಔಷಧ) ಇದ್ದ ಕೆಮ್ಮಿನ ಸಿರಪ್ಪನ್ನು ಕೈಬಿಟ್ಟೆವು. ಅಮ್ಮನ ಬಳೆಗಳನ್ನು ಹಿಂದಿರುಗುವಾಗ ಸುಂಕದ ತಕರಾರಿಲ್ಲದೆ ತರಲು ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಹೊರಡುವ ಮುನ್ನವೇ ರಫ್ತು ಪ್ರಮಾಣಪತ್ರ ಮಾಡಿಸಿದೆ. ಒಂದು ಗಂಟೆ ಹಿಡಿದಿರಬೇಕು.

ನಡುವೆ ಒಮ್ಮೆ ಅಬುಧಾಬಿಯನ್ನೂ ಪ್ರಯತ್ನಿಸಿದ್ದೆ. ಅಲ್ಲಿ ಅಮೆರಿಕದ ಅಧಿಕಾರಿಗಳೇ ಇಮಿಗ್ರೇಷನ್, ಕಸ್ಟಮ್ಸ್ ಎರಡನ್ನೂ ಮುಗಿಸಿ ಕಳಿಸುವುದರಿಂದ ವಯಸ್ಸಾದವರಿಗೆ ಬಲು ಅನುಕೂಲ, ಆದರೆ ನನಗೆ ಸಿಕ್ಕ ದರದಲ್ಲಿ ಉಳಿತಾಯವಿರಲಿಲ್ಲ.

ಎರಡು ವಿಮಾನಗಳ ನಡುವೆ ಒಂದು ರಾತ್ರಿಯ ಅಂತರ ಇಟ್ಟೆ. ಹೋಟೆಲಿನ ಖರ್ಚನ್ನು ಉಳಿತಾಯದಲ್ಲಿ ಕಳೆದೇ ಹೇಳಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಘೋಷಿಸಿದೆವು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹತ್ತು ಸಾವಿರ ಡಾಲರ್‌ವರೆಗೂ ದಂಡ ಬೀಳಬಹುದು. ಹಸಿ ಕರಿಬೇವು ನಿಷಿದ್ಧವಾದ್ದರಿಂದ ಅದನ್ನು ತಂದೇ ಇರಲಿಲ್ಲ. ಅಧಿಕಾರಿ ಒಂದು ಡಬ್ಬಿ ತೆರೆಸಿ ನೋಡಿ, ಐದೇ ನಿಮಿಷದಲ್ಲಿ ಹೊರಗೆ ಬಿಟ್ಟರು.