ತೊಗರಿ ಕುಡಿ ಚಿವುಟಿದರೆ ಸಾಲದು, ಮೊಗ್ಗಿಗೆ ಸಕ್ಕರೆಯೂ ಸಿಗಬೇಕು

ಕಲಬುರಗಿ ಸೀಮೆಯ ತೊಗರಿ ಬೆಳೆಗಾರರಿಗೆ ಕುಡಿ ಚಿವುಟುವುದು ಹೊಸ ಮಾತಲ್ಲ. ತುದಿ ಹೋದರೆ ಕವಲು ಒಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದರೂ ಚಿವುಟಿದ ಹೊಲದಲ್ಲೇ ಕೆಲವು ಗಿಡ ಪೊದೆಯಾದರೆ ಕೆಲವು ಮೊಂಡಾಗಿ ನಿಲ್ಲುತ್ತವೆ. ಏಕೆ?

ಎಲೆ ತಯಾರಿಸಿದ ಸಕ್ಕರೆಯ (ಸುಕ್ರೋಸ್) ದೊಡ್ಡ ಪಾಲನ್ನು ಬೆಳೆಯುವ ತುದಿಯೇ ಎಳೆದುಕೊಳ್ಳುತ್ತದೆ. ಎಲೆ ಕಂಕುಳಿನ ಮೊಗ್ಗುಗಳು ಹಸಿದುಕೊಂಡೇ ಮಲಗಿರುತ್ತವೆ. ತುದಿಯಿಂದ ಇಳಿಯುವ ಆಕ್ಸಿನ್ ಹಾರ್ಮೋನು ಅವುಗಳನ್ನು ತಡೆಯುತ್ತದೆ ಎಂಬುದು 1930ರ ದಶಕದಿಂದ ಬಂದ ಪಾಠ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಆಕ್ಸಿನ್ ಗಂಟೆಗೆ ಸುಮಾರು 1 ಸೆಂ.ಮೀ. ಇಳಿಯುತ್ತದೆ, ಬಟಾಣಿಯ ತುದಿ ಕತ್ತರಿಸಿದರೆ 40 ಸೆಂ.ಮೀ. ಕೆಳಗಿನ ಮೊಗ್ಗು ಕೆಲವೇ ಗಂಟೆಗಳಲ್ಲಿ ಮಿಸುಕುತ್ತದೆ! ಅಲ್ಲಿಗೆ ಅಷ್ಟು ಬೇಗ ಮುಟ್ಟುವುದು ಸಕ್ಕರೆ ಎಂದು 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಬೆವೆರಿಡ್ಜ್ ತಂಡ ತೋರಿಸಿತು. ತುದಿ ಕತ್ತರಿಸದ ಗಿಡಕ್ಕೂ ಸುಕ್ರೋಸ್ ಉಣಿಸಿದಾಗ ಮೊಗ್ಗು ಎದ್ದಿತು.

ಸಕ್ಕರೆ ಇಲ್ಲಿ ಬರೀ ಊಟವಲ್ಲ, ಸೂಚನೆಯೂ ಹೌದು. ಅದು ಏರಿದಾಗ ಮೊಗ್ಗಿನಲ್ಲಿ ಸಕ್ಕರೆ ಬಂದಿದೆ ಎಂದು ಸಾರುವ ಟ್ರೆಹಲೋಸ್-6-ಫಾಸ್ಫೇಟ್ ಎಂಬ ವಸ್ತು ಹೆಚ್ಚುತ್ತದೆ, ಕವಲನ್ನು ತಡೆಯುವ ಬಿಆರ್‌ಸಿ1 ಜೀನ್‌ನ ಚಟುವಟಿಕೆ ತಗ್ಗುತ್ತದೆ. ಹಾಗೆಂದು ಆಕ್ಸಿನ್‌ಗೆ ಕೆಲಸವಿಲ್ಲ ಎಂದಲ್ಲ. ಎದ್ದ ಮೊಗ್ಗು ಕವಲಾಗಿ ಮುಂದುವರಿಯಬೇಕಾದರೆ ಕಾಂಡದಲ್ಲಿ ಆಕ್ಸಿನ್‌ನ ಪ್ರಮಾಣವೂ ತಗ್ಗಬೇಕು.

ಇನ್ನು ಹೊಲದ ಕೆಲಸ. ಬಿತ್ತಿದ 45–50 ದಿನಕ್ಕೆ, ಹೂಮೊಗ್ಗು ಕಾಣುವ ಮೊದಲೇ ಚಿವುಟಿ. ಮುಖ್ಯ ಕಾಂಡದ ತುದಿಯ 5–6 ಸೆಂ.ಮೀ. ಸಾಕು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬಗ್ಗಿಸಿದರೆ ಕುಡಿ ಪಟ್ಟನೆ ಮುರಿಯಬೇಕು. ಸಿಪ್ಪೆ ನಾರಿನಂತೆ ಸುಲಿದು ಬಂದರೆ ಬಲಿತ ಕಾಂಡಕ್ಕೆ ಕೈ ಹಾಕಿದ್ದೀರಿ ಎಂದರ್ಥ. ಬೇಗ ಮುಗಿಯಲಿ ಎಂದು ಕುಡುಗೋಲಿನಿಂದ ಸವರುವುದು ನಮಗೆ ಒಪ್ಪಿಗೆಯಿಲ್ಲ. ತುದಿಯ ಜೊತೆ ದುಡಿಯುವ ಎಲೆಗಳೂ ಹೋಗುತ್ತವೆ. ಬಟಾಣಿಯಲ್ಲಿ ತುದಿಯೊಂದಿಗೆ ಎಲೆಗಳನ್ನೂ ತೆಗೆದಾಗ ಮೊಗ್ಗುಗಳು ಸರಿಯಾಗಿ ಹೊರಡಲಿಲ್ಲ.

ಮಣ್ಣಿನಲ್ಲಿ ಹದ ಇರುವಾಗ, ಬಿಸಿಲು ಬಿದ್ದ ದಿನಗಳಲ್ಲಿ ಈ ಕೆಲಸ ಹಿಡಿಯಿರಿ. ಎಲೆ ಬಾಡಿದ ಗಿಡ ಸಕ್ಕರೆ ಮಾಡುವುದೇ ಕಡಿಮೆ. ಜಿಟಿಜಿಟಿ ಮಳೆ, ಮೋಡ ಕವಿದ ವಾರದಲ್ಲೂ ಅಷ್ಟೇ. ನೀರು ನಿಂತು ಹಳದಿ ತಿರುಗಿದ ಗಿಡವನ್ನು ಚೇತರಿಸಿಕೊಳ್ಳುವವರೆಗೆ ಮುಟ್ಟಬೇಡಿ. ಹೂಮೊಗ್ಗು ಬಂದ ಮೇಲೆ ಚಿವುಟಿದರೆ ಇದ್ದ ಹೂವೂ ಹೋಗುತ್ತದೆ, ಹೊಸ ಕವಲು ಹೂ ಬಿಡುವ ಹೊತ್ತಿಗೆ ಭೂಮಿಯ ತೇವವೂ ಆರಿರುತ್ತದೆ.

ಒತ್ತಾಗಿ ಬಿತ್ತಿದ ಹೊಲದಲ್ಲಿ ಮಾತ್ರ ಚಿವುಟಿದ್ದಕ್ಕೆ ತಕ್ಕ ಫಲ ಸಿಗುವುದು ಕಷ್ಟ. ನೆರಳಿಗೆ ಸಿಕ್ಕ ಕೆಳಗಿನ ಎಲೆ ದುಡಿಯುವುದಿಲ್ಲ, ಅದರ ಕಂಕುಳಿನ ಮೊಗ್ಗೂ ಏಳುವುದಿಲ್ಲ. ಹೆಚ್ಚಾದ ಸಸಿಗಳನ್ನು ಬಿತ್ತಿದ 15–20 ದಿನದೊಳಗೇ ಕಿತ್ತುಬಿಡಿ.