ಅನಾನಸ್ ಎಲೆಯ ನಾರಿನಿಂದ ವೈದ್ಯಕೀಯ ನ್ಯಾನೊಸೆಲ್ಯುಲೋಸ್: ತಯಾರಿಸುವುದು ಹೇಗೆ?

ಹಣ್ಣು ಕೊಯ್ದ ಮೇಲೆ ಅನಾನಸ್ ತೋಟದಲ್ಲಿ ಉಳಿಯುವ ಎಲೆಗಳ ರಾಶಿ ಬನವಾಸಿ ಸೀಮೆಯ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಆ ಎಲೆಯ ನಾರಿನಲ್ಲಿ ಸಾಮಾನ್ಯವಾಗಿ ಶೇ 70ಕ್ಕಿಂತ ಹೆಚ್ಚು ಸೆಲ್ಯುಲೋಸ್, ಅಂದರೆ ಸಸ್ಯಕೋಶಗಳ ಗೋಡೆ ಕಟ್ಟುವ ವಸ್ತು, ಇರುತ್ತದೆ. ಕೇರಳ ಮತ್ತು ಬ್ರೆಜಿಲ್‌ನ ಸಂಶೋಧಕರು 2010ರಲ್ಲಿ ಹಬೆಯ ಒತ್ತಡ ಬಳಸಿ ಈ ನಾರನ್ನು ಕಣ್ಣಿಗೆ ಕಾಣದಷ್ಟು ತೆಳುವಾದ ನ್ಯಾನೊ ಎಳೆಗಳಾಗಿ, ಅಂದರೆ ನ್ಯಾನೊಸೆಲ್ಯುಲೋಸ್ ಆಗಿ, ಬಿಡಿಸಿದರು. ಮರುವರ್ಷ ಆ ಎಳೆಗಳನ್ನು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ಗೆ ಬೆರೆಸಿ, ದೇಹದೊಳಗೆ ಅಳವಡಿಸುವ ಸಾಧನಗಳ ಮಾದರಿಗಳನ್ನೂ ರೂಪಿಸಿದರು. ಅವರು ಹಿಡಿದ ಹಾದಿಯನ್ನೇ ಇಲ್ಲಿ ವಿವರಿಸಲಾಗಿದೆ. ಇದು ಪ್ರಯೋಗಾಲಯದಲ್ಲಿ ಮಾತ್ರ ಮಾಡಬೇಕಾದ ಕೆಲಸ.

ಮೊದಲು ಎಲೆಯ ತಿರುಳನ್ನು ಕೆರೆದು ನಾರು ಬಿಡಿಸಿ, ತೊಳೆದು ಒಣಗಿಸಿ, ಸಣ್ಣಗೆ ಕತ್ತರಿಸಬೇಕು. ನೂರು ಕಿಲೊ ಹಸಿ ಎಲೆಗೆ ಸಿಗುವುದು ಸುಮಾರು ಮೂರು ಕಿಲೊ ನಾರು.

ಕತ್ತರಿಸಿದ ನಾರನ್ನು ಶೇ 2ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ, ಆಟೊಕ್ಲೇವ್‌ನಲ್ಲಿ (ಪ್ರೆಶರ್ ಕುಕ್ಕರ್‌ನಂತೆ ಒತ್ತಡದ ಹಬೆಯಲ್ಲಿ ಬೇಯಿಸುವ ಪ್ರಯೋಗಾಲಯದ ಪಾತ್ರೆ) ಸುಮಾರು ಒಂದು ಗಂಟೆ ಬೇಯಿಸಿ, ಒತ್ತಡವನ್ನು ಒಮ್ಮೆಲೇ ಬಿಡಬೇಕು. ನಾರಿನೊಳಗೆ ಹೊಕ್ಕಿದ್ದ ಹಬೆ ಥಟ್ಟನೆ ಹಿಗ್ಗಿ, ಎಳೆಗಳ ಕಟ್ಟನ್ನು ಒಳಗಿನಿಂದಲೇ ಸಡಿಲಿಸುತ್ತದೆ. ಎಳೆಗಳನ್ನು ಅಂಟಿನಂತೆ ಹಿಡಿದಿದ್ದ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್‌ನ ಬಹುಪಾಲು ಕರಗುವುದರಿಂದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ಬಳಿಕ ಸೋಡಿಯಂ ಹೈಪೋಕ್ಲೋರೈಟ್‌ನಿಂದ ಬಿಳುಪುಗೊಳಿಸಬೇಕು. ನಾರು ಹತ್ತಿಯಷ್ಟು ಬೆಳ್ಳಗಾಗಲು ಒಂದು ಸಲ ಸಾಲದು, ಹಲವು ಸಲ ಮಾಡಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದಾದ ಮೇಲಿನ ತೊಳೆತ. ಮುಂದಿನ ಹಂತದಲ್ಲಿ ಬಳಸುವ ಆಕ್ಸಾಲಿಕ್ ಆಮ್ಲವು ನಾರಿನಲ್ಲಿ ಉಳಿದ ಹೈಪೋಕ್ಲೋರೈಟ್‌ಗೆ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಅಲ್ಲದೆ ಇಲ್ಲಿ ಉಳಿದ ರಾಸಾಯನಿಕವೇ ನಾಳೆ ಗಾಯದ ಜೀವಕೋಶಗಳನ್ನು ತಲುಪಬಹುದು. ತೊಳೆದ ನೀರು ಪಿಎಚ್ ಕಾಗದಕ್ಕೆ 7 (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ಸ್ಥಿತಿ) ತೋರಿಸಿದರಷ್ಟೇ ಸಾಲದು, ಕ್ಲೋರಿನ್ ಉಳಿದಿಲ್ಲವೆಂದು ಬೇರೆಯಾಗಿಯೇ ಪರೀಕ್ಷಿಸಿಕೊಳ್ಳಬೇಕು.

ಶುದ್ಧವಾದ ನಾರನ್ನು ಆಕ್ಸಾಲಿಕ್ ಆಮ್ಲದಲ್ಲಿಟ್ಟು ಆಟೊಕ್ಲೇವ್‌ನಲ್ಲಿ ಹಲವು ಸಲ ಒತ್ತಡ ಏರಿಸಿ ಇಳಿಸಿ, ಪುನಃ ತೊಳೆದು, ವೇಗದ ಕಲಕು ಯಂತ್ರದಲ್ಲಿ ಗಂಟೆಗಟ್ಟಲೆ ಕಲಕಿದರೆ ನ್ಯಾನೊ ಎಳೆಗಳು ನೀರಿನಲ್ಲಿ ಹರಡಿಕೊಳ್ಳುತ್ತವೆ. ನೂರರಲ್ಲಿ ಒಂದೆರಡು ಪಾಲು ಎಳೆಯಿದ್ದು ಉಳಿದುದೆಲ್ಲ ನೀರೇ ಆಗಿದ್ದರೂ ಅದು ಲೋಳೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಒಲೆಯ ಶಾಖದಲ್ಲಿ ಒಣಗಿಸಬಾರದು, ಏಕೆಂದರೆ ಒಮ್ಮೆ ಅಂಟಿಕೊಂಡ ಎಳೆಗಳು ಮತ್ತೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಹಸಿಯಾಗಿಯೇ ಇಡಬೇಕು, ಇಲ್ಲವೇ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಬೇಕು; ಹಾಗೆ ಒಣಗಿಸಿದಾಗ ಹಗುರವಾದ ಸ್ಪಂಜು ಸಿಗುತ್ತದೆ.

ಕ್ರಿಮಿಶುದ್ಧಿಯೊಂದರಿಂದಲೇ ಇದು ವೈದ್ಯಕೀಯ ಬಳಕೆಗೆ ತಕ್ಕುದಾಗುವುದಿಲ್ಲ. ಸತ್ತ ಬ್ಯಾಕ್ಟೀರಿಯಾಗಳಿಂದ ಬರುವ ಎಂಡೊಟಾಕ್ಸಿನ್ ಎಂಬ ವಿಷವಸ್ತು ಹಬೆಯ ಶಾಖಕ್ಕೂ ಉಳಿಯುವುದರಿಂದ ಅದನ್ನು ಪ್ರತ್ಯೇಕವಾಗಿ ಅಳೆಯಬೇಕು. ಜೀವಕೋಶಗಳಿಗೆ ಹಾನಿಯಾಗುತ್ತದೆಯೇ ಎಂಬುದನ್ನು ಐಎಸ್‌ಒ 10993-5 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ನೋಡಬೇಕು. ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಹಾಗಾಗಿ ಕರಗಿ ಹೋಗಬೇಕಾದ ಸಾಧನಕ್ಕೆ ಇದು ಸಲ್ಲದು, ಗಾಯದ ಪಟ್ಟಿಗೆ ಆ ತೊಡಕಿಲ್ಲ. ಫಿನ್ಲೆಂಡ್‌ನ ಯುಪಿಎಂ ಸಂಸ್ಥೆಯು ಬರ್ಚ್ ಮರದ ನ್ಯಾನೊಸೆಲ್ಯುಲೋಸ್‌ನಿಂದ ತಯಾರಿಸಿದ ಪಟ್ಟಿಯನ್ನು ಕಸಿಗಾಗಿ ಚರ್ಮ ತೆಗೆದ ಜಾಗಕ್ಕೆ ಹಾಕುತ್ತಾರೆ; ಅಡಿಯಲ್ಲಿ ಹೊಸ ಚರ್ಮ ಬಂದಂತೆ ಪಟ್ಟಿ ತಾನಾಗಿಯೇ ಕಳಚಿಕೊಳ್ಳುತ್ತದೆ.