ದೀಪಾವಳಿಯ ಬುಟ್ಟಿ ಎಪ್ರಿಲ್‌ನಲ್ಲೇ ತುಂಬತೊಡಗುತ್ತದೆ

ಊರಿನ ತಿಂಡಿ ತಿನಿಸುಗಳನ್ನೂ ಕೈಕಸುಬಿನ ಒಂದೆರಡು ವಸ್ತುಗಳನ್ನೂ ಬುಟ್ಟಿಯಲ್ಲಿ ಜೋಡಿಸಿ, ದೀಪಾವಳಿಯ ಉಡುಗೊರೆಯಾಗಿ ಬೆಂಗಳೂರು, ಮೈಸೂರು, ಮಂಗಳೂರುಗಳಿಗೆ ಕಳುಹಿಸಿಕೊಡುವ ಕೆಲಸವನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಿಂದಲೇ ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಮೊದಲು ಇದು ಪೇಟೆಯಲ್ಲಿ ನೆಲೆಸಿದ ನೆಂಟರಿಗಷ್ಟೇ ಸೀಮಿತವಾಗಿತ್ತು. ಅವರ ಮನೆಯಲ್ಲಿ ನೋಡಿದವರು ಕೇಳತೊಡಗಿದ ಮೇಲೆ ನಮ್ಮ ಕುಟುಂಬಶ್ರೀ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಘಟಕದ ಹೆಂಗಸರೂ ಸೇರಿಕೊಂಡರು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಫೋನ್ ಮಾಡಿ, ‘ನಾವೂ ಹೀಗೊಂದು ಬುಟ್ಟಿ ಮಾಡಬೇಕೆಂದಿದ್ದೇವೆ, ಏನೇನು ಹಾಕಬಹುದು’ ಎಂದು ವಿಚಾರಿಸುವವರಿಗೆ ನಾನು ಹೇಳುವುದು ಒಂದೇ ಮಾತು: ಬುಟ್ಟಿಯಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸುವುದು ಕಳೆದ ಬೇಸಗೆಯ ಬಿಸಿಲು.

ಕಾರಣ ಸರಳವಾಗಿದೆ. ದೀಪಾವಳಿ ಬರುವ ಅಕ್ಟೋಬರ್–ನವೆಂಬರ್ ಕಾಲದಲ್ಲಿ ನಮ್ಮಲ್ಲಿ ಬೆಳಗ್ಗೆ ಸುಡುವ ಬಿಸಿಲಿದ್ದರೂ ಮಧ್ಯಾಹ್ನ ದಾಟುತ್ತಲೇ ಮೂಡಣದಲ್ಲಿ ಮೋಡ ಕಟ್ಟಿ, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ತುಲಾಮಳೆ ಸುರಿಯುತ್ತದೆ. ಅಂಗಳದಲ್ಲಿ ಏನನ್ನು ಹರಡಿದರೂ ನಂಬುವಂತಿಲ್ಲ. ಹಲಸು, ಮಾವು, ಪುನರ್ಪುಳಿ (ಕೋಕಂ) ಯಾವುದೂ ಆಗ ಮರದಲ್ಲಿರುವುದಿಲ್ಲ. ಹಾಗಾಗಿ ಈ ಊರಿನದೇ ಎಂದು ಹೇಳಿಕೊಳ್ಳಬಹುದಾದ ರುಚಿಗಳೆಲ್ಲ ಮಾರ್ಚಿನಿಂದ ಮೇ ತಿಂಗಳ ಒಳಗೆ ಒಣಗಿ ಡಬ್ಬ ಸೇರಿರಬೇಕು. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ನನ್ನ ಲೆಕ್ಕದಲ್ಲಿ ದೀಪಾವಳಿಯ ಕೆಲಸದ ಗಡುವೂ ಹೆಚ್ಚುಕಡಿಮೆ ಅದೇ.

ಬುಟ್ಟಿಯಲ್ಲಿ ಮೊದಲ ಮರ್ಯಾದೆ ಹಲಸಿನ ಹಪ್ಪಳಕ್ಕೆ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೆ ಹಲಸಿನ ಚಿಪ್ಸ್, ಹಲ್ವ, ಐಸ್‌ಕ್ರೀಮು ಎಂದು ಬಗೆಬಗೆಯ ಸರಕು ಬಂದಿದೆಯಾದರೂ, ದೂರದ ಊರಿನಲ್ಲಿರುವ ನಮ್ಮವರು ನಾಲ್ಕು ಸಲ ಕೇಳುವುದು ಹಪ್ಪಳವನ್ನೇ. ಇದಕ್ಕೆ ಬಕ್ಕೆ ಜಾತಿಯ, ಅಂದರೆ ಸೊಳೆ ಗಟ್ಟಿಯಾಗಿರುವ, ಚೆನ್ನಾಗಿ ಬೆಳೆದ, ಆದರೆ ಹಣ್ಣಾಗಲು ಇನ್ನೂ ಹೊರಡದ ಕಾಯಿ ಬೇಕು. ಸೊಳೆ ಬಿಡಿಸುವಾಗ ಒಳಗೆ ಹಳದಿ ಇಣುಕಿದ್ದರೆ ಆ ಕಾಯಿಯನ್ನು ಹಪ್ಪಳದ ರಾಶಿಯಿಂದ ಬೇರೆ ಇಡುತ್ತೇವೆ, ಏಕೆಂದರೆ ಸಿಹಿ ಸೇರಿದ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪಾಗುತ್ತದೆ ಮತ್ತು ದಾಸ್ತಾನಿನಲ್ಲಿ ಬೇಗ ಮೆತ್ತಗಾಗುತ್ತದೆ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮುಂಚೆಯೇ ಉಪ್ಪು, ಒಣಮೆಣಸು, ಕೊತ್ತಂಬರಿ, ಜೀರಿಗೆ, ಇಂಗುಗಳೊಂದಿಗೆ ನೀರು ಸೋಕಿಸದೆ ಗುದ್ದಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಮಣೆಯಲ್ಲಿ ಒತ್ತಿ ಚಾಪೆಗೆ ಹಾಕುತ್ತೇವೆ. ಮೊದಲ ದಿನದ ಬಿಸಿಲು ಬಲವಾಗಿರಬೇಕು. ಅದು ಮಂಕಾದರೆ ಮುಂದೆ ಎಷ್ಟು ಒಣಗಿಸಿದರೂ ಹುಳಿವಾಸನೆ ಬಿಡುವುದಿಲ್ಲ. ಒಣಗಿತೇ ಎಂದು ನೋಡಲು ಅಂಚನ್ನು ಎರಡು ಬೆರಳಲ್ಲಿ ಮುರಿಯಬೇಕು. ಬಾಗಿ ಆಮೇಲೆ ತುಂಡಾದರೆ ಇನ್ನೊಂದು ಬಿಸಿಲು ಬೇಕು. ಬಾಗದೆ ಚಟ್ಟನೆ ಮುರಿದರೆ ಕಟ್ಟು ಕಟ್ಟಬಹುದು.

ಮಳೆಗಾಲದಲ್ಲಿ ಈ ಡಬ್ಬಗಳನ್ನು ತೆರೆಯಕೂಡದೆಂಬುದು ನಮ್ಮ ಅತ್ತೆಯವರ ಕಟ್ಟಪ್ಪಣೆ. ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಮಳೆ ಬಿಡುವು ಕೊಟ್ಟಾಗ ಬೀಳುವ ಚುರುಕು ಬಿಸಿಲಿಗೆ ಒಮ್ಮೆ ಹರಡಿ, ಆರಿದ ಮೇಲೆ ಮತ್ತೆ ಮುಚ್ಚಿಟ್ಟರೆ ದೀಪಾವಳಿಯವರೆಗೆ ನಿಶ್ಚಿಂತೆ. ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಮಾಂಬಳದ್ದು ಇನ್ನೂ ನಿಧಾನದ ಕೆಲಸ. ಕಾಟುಮಾವಿನ (ಕಾಡುಮಾವಿನ) ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳುವಾಗಿ ಹೊಯ್ದು, ಅದು ಒಣಗಿದ ಮೇಲೆ ಮರುದಿನ ಅದರ ಮೇಲೆಯೇ ಮತ್ತೊಂದು ಪದರ, ಹೀಗೆ ಬೇಕಾದಷ್ಟು ದಪ್ಪವಾಗುವವರೆಗೆ ಹೊಯ್ಯುತ್ತ ಹೋಗಬೇಕು. ಆತುರಪಟ್ಟು ಒಂದೇ ಸಲ ದಪ್ಪಗೆ ಸುರಿದರೆ ಮೇಲ್ಭಾಗ ಕೆನೆಗಟ್ಟಿ ಒಳಗೆ ಹಸಿಯುಳಿಯುತ್ತದೆ. ನಾನು ಇದಕ್ಕೆ ಸಕ್ಕರೆ ಹಾಕುವುದಿಲ್ಲ. ಹಣ್ಣಿನ ಹುಳಿಯೇ ಅದರ ಗುಣವೆಂದು ತಿಳಿದವಳು ನಾನು; ಸಿಹಿ ಬೇಕೆನ್ನುವವರಿಗೆ ಪೇಟೆಯಲ್ಲಿ ಬೇರೆ ಸಿಗುತ್ತದೆ. ತಪಾಲಿನಲ್ಲಿ ಕಳುಹಿಸಲು ಇದರಷ್ಟು ಅನುಕೂಲದ ತಿನಿಸು ಇನ್ನೊಂದಿಲ್ಲ: ಒಡೆಯುವುದಿಲ್ಲ, ಸೋರುವುದಿಲ್ಲ, ಬಾಳೆಎಲೆಯ ಬದಲು ಬೆಣ್ಣೆಕಾಗದದಲ್ಲಿ ಸುತ್ತಿದರೆ ಎಷ್ಟು ದೂರಕ್ಕೂ ಹೋಗುತ್ತದೆ.

ಪಾನೀಯದ ವಿಷಯದಲ್ಲಿ ಆಯ್ಕೆ ಕಡಿಮೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಈಗ ನಾವೆಲ್ಲ ಸಿಪಿಸಿಆರ್‌ಐ ಎನ್ನುವ ಸಂಸ್ಥೆ, ತೆಂಗಿನ ಹೊಂಬಾಳೆಯ ರಸವನ್ನು ಹುಳಿಯಾಗಲು ಬಿಡದೆ ಮಂಜುಗಡ್ಡೆಯಿಟ್ಟ ಪೆಟ್ಟಿಗೆಯಲ್ಲಿ ಇಳಿಸುವ ವಿಧಾನವನ್ನು ರೂಪಿಸಿ, ಅದಕ್ಕೆ ಕಲ್ಪರಸವೆಂದು ಹೆಸರಿಟ್ಟಿದೆ. ಹಬ್ಬಕ್ಕೆ ಮನೆಗೆ ಬಂದವರಿಗೆ ಕೊಡಲು ಅದರಷ್ಟು ಚೆನ್ನಾದ್ದು ಇಲ್ಲ. ಆದರೆ ತಂಪು ತಪ್ಪಿದರೆ ಹುದುಗತೊಡಗುವ ಪಾನೀಯವನ್ನು ಬುಟ್ಟಿಯಲ್ಲಿ ಕಳುಹಿಸುವ ಮಾತೇ ಇಲ್ಲ. ಆ ರಸವನ್ನೇ ಕುದಿಸಿ ಬತ್ತಿಸಿ ಮಾಡುವ ತೆಂಗಿನ ಸಕ್ಕರೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕುತ್ತೇನೆ. ಅದು ಗಾಳಿಯ ತೇವವನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ಪುನರ್ಪುಳಿಯ ಶರಬತ್ತಿಗೂ ಬೇಡಿಕೆಯಿದೆ. ಗಾಜಿನ ಬಾಟಲಿ ದಾರಿಯಲ್ಲಿ ಒಡೆದರೆ ಆ ಕಡುಗೆಂಪು ಬಣ್ಣ ಇಡೀ ಬುಟ್ಟಿಗೆ ಹತ್ತುತ್ತದೆಯಾದ್ದರಿಂದ, ಒಣಗಿಸಿದ ಸಿಪ್ಪೆಯನ್ನೇ ಹಾಕಿ, ನೆನೆಸಿ ಕಿವುಚಿ ಬೆಲ್ಲ ಸೇರಿಸುವ ಕ್ರಮವನ್ನು ಚೀಟಿಯಲ್ಲಿ ಬರೆದಿಡುತ್ತೇನೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಮಾಡಿದ ಕಷಾಯದ ಪುಡಿ ಹಾಕುವುದಂತೂ ಇದ್ದದ್ದೇ.

ಹಬ್ಬದ ಹತ್ತಿರ ತಯಾರಿಸುವುದು ಎರಡೇ ಬಗೆ, ಎಳ್ಳುಂಡೆ ಮತ್ತು ನೇಂದ್ರ ಬಾಳೆಕಾಯಿಯ ಚಿಪ್ಸ್. ತೆಂಗಿನಕಾಯಿ ತುರಿ ಹಾಕಿದ ಸುಕ್ಕಿನುಂಡೆಯನ್ನು ಎಷ್ಟು ಜನ ಕೇಳಿದರೂ ಕಳುಹಿಸುವುದಿಲ್ಲ. ಅದನ್ನು ಊರಿಗೆ ಬಂದೇ ತಿನ್ನಬೇಕು. ಚಿಪ್ಸಿನ ಬಾಳೆಕಾಯಿಯನ್ನು ಬಾಣಲೆಯ ಮೇಲೆಯೇ ಹಿಡಿದು ನೇರವಾಗಿ ತೆಂಗಿನೆಣ್ಣೆಗೆ ಹೆರೆಯುತ್ತೇವೆ. ಮೊದಲು ಎಣ್ಣೆ ಭೋರ್ಗರೆಯುತ್ತದೆ. ಆ ಸದ್ದು ಅರ್ಧಕ್ಕಿಳಿದಾಗ ಉಪ್ಪು ಮತ್ತು ಅರಸಿನ ಕದಡಿದ ನೀರನ್ನು ಒಂದು ಚಮಚ ಚಿಮುಕಿಸಬೇಕು. ಎಣ್ಣೆ ಮತ್ತೆ ಒಮ್ಮೆ ಉಕ್ಕಿ ಬಂದು, ನೊರೆ ಅಡಗಿ, ಜಾಲರಿಸೌಟಿನಲ್ಲಿ ಎತ್ತಿ ಅಲ್ಲಾಡಿಸಿದರೆ ಚಿಪ್ಸು ಒಂದಕ್ಕೊಂದು ತಾಗಿ ಗಲಗಲ ಎನ್ನುವಾಗ ತೆಗೆಯಬೇಕು. ಬೆಂಗಳೂರಿನ ಚಳಿಗೆ ಈ ಚಿಪ್ಸಿನ ಮೇಲೆ ಒಮ್ಮೊಮ್ಮೆ ಬಿಳಿ ಪೊರೆ ಕಾಣಿಸುವುದುಂಟು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದು ಅದಕ್ಕೆ ಕಾರಣ. ‘ಕಲಬೆರಕೆಯೇನೋ’ ಎಂದು ಕೇಳುವವರ ಸಮಾಧಾನಕ್ಕಾಗಿ ಈ ಒಂದು ಸಾಲನ್ನೂ ಚೀಟಿಯಲ್ಲಿ ಸೇರಿಸಿದ್ದೇನೆ.

ಇನ್ನು ಬುಟ್ಟಿಯ ಮಾತು. ಬಣ್ಣದ ರಟ್ಟಿನ ಪೆಟ್ಟಿಗೆ ಅಗ್ಗ, ಜೋಡಿಸಲು ಸುಲಭ, ಎಲ್ಲವೂ ನಿಜ. ಆದರೆ ಹಬ್ಬ ಮುಗಿದ ಮರುದಿನ ಅದು ಕಸಕ್ಕೆ ಹೋಗುತ್ತದೆ. ನಮ್ಮ ಸುತ್ತಮುತ್ತ ಕೊರಗ ಸಮುದಾಯದವರು ಕಾಡುಬಳ್ಳಿಯಿಂದ ಹೆಣೆಯುವ ಬುಟ್ಟಿ ತೋಟದ ಮಣ್ಣು, ಗೊಬ್ಬರ ಹೊತ್ತು ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಅದೇ ಹೆಣಿಗೆಯಲ್ಲಿ ಸಣ್ಣ ಗಾತ್ರದ, ಅಡಿ ಸಪಾಟಾಗಿರುವ, ಊಟದ ಮೇಜಿನ ಮೇಲೆ ಹಣ್ಣಿಡಲು ಒದಗುವಂಥದ್ದು ಬೇಕೆಂದು ನಾನು ಕೇಳಿಕೊಂಡೆ. ಹೆಣೆಯುವ ಅಕ್ಕ ನನ್ನ ಅಳತೆಯನ್ನು ನೋಡಿ, ಬುಟ್ಟಿ ಸಣ್ಣದಾದಷ್ಟೂ ಬಳ್ಳಿ ತೆಳುವಾಗಿರಬೇಕು, ತೆಳು ಬಳ್ಳಿಯನ್ನು ಹುಡುಕಿ ತರುವುದೇ ಹೆಣೆಯುವುದಕ್ಕಿಂತ ದೊಡ್ಡ ಕೆಲಸ, ಆದ್ದರಿಂದ ಸಣ್ಣ ಬುಟ್ಟಿಗೆ ದೊಡ್ಡದಕ್ಕಿಂತ ಹೆಚ್ಚು ಕ್ರಯವಾಗುತ್ತದೆ ಎಂದರು. ಅವರ ಮಾತು ನ್ಯಾಯವಾದದ್ದು, ಅಷ್ಟೇ ಕೊಡುತ್ತೇನೆ. ಅರ್ಧ ಹಣವನ್ನು ಬಳ್ಳಿ ತರುವ ಮೊದಲೇ ಕೊಡುವುದು ರೂಢಿ. ತಂದ ಬುಟ್ಟಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟರೆ ಹುಳ ಹಿಡಿಯುವುದಿಲ್ಲ. ಆದರೆ ಹೊಗೆಯ ವಾಸನೆ ತಿಂಡಿಗೆ ಸೇರದಂತೆ ಹಬ್ಬಕ್ಕೆ ಮೊದಲು ಗಾಳಿಗೆ ಹಾಕಬೇಕು.

ಒಳಗಿನ ತಿಂಡಿಯನ್ನು ಅಡಿಕೆ ಹಾಳೆಯ ಬಟ್ಟಲುಗಳಲ್ಲಿ ಜೋಡಿಸುವುದು ನೋಡಲು ಬಲು ಅಂದ. ಹಾಳೆಯನ್ನೂ ಬೇಸಗೆಯಲ್ಲೇ ಹೆಕ್ಕಿ ಒಣಗಿಸಿಟ್ಟಿರಬೇಕು. ಮಳೆಗೆ ನೆನೆದದ್ದರಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅಡಿಕೆಯ ಅಂಶ ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಹಾಳೆತಟ್ಟೆಗಳ ಆಮದನ್ನು ತಡೆಯುವ ಆದೇಶ ಹೊರಡಿಸಿದೆ. ಅಮೆರಿಕದಲ್ಲಿರುವ ಮಕ್ಕಳಿಗೆ ಕಳುಹಿಸಬೇಕೆನ್ನುವವರ ಬುಟ್ಟಿಯಲ್ಲಿ ಹಾಗಾಗಿ ನಾನು ಹಾಳೆಯನ್ನು ಇಡುವುದಿಲ್ಲ. ಉಳಿದವರಿಗೂ ಬಟ್ಟಲಿನ ಒಳಗೆ ಬೆಣ್ಣೆಕಾಗದ ಹಾಸಿಯೇ ತಿಂಡಿ ತುಂಬುತ್ತೇನೆ.

ಗೂಡುದೀಪವನ್ನು ಬುಟ್ಟಿಗೆ ಸೇರಿಸಿದ್ದು ಮಕ್ಕಳಿರುವ ಮನೆಗಳನ್ನು ನೆನೆದು. ನಮ್ಮ ಕಡೆ ಬಲೀಂದ್ರನಿಗೆ ದೀಪ ಇಡುವ ಸಂಜೆ ಗೂಡುದೀಪವಿಲ್ಲದ ಮನೆ ಕಾಣುವುದು ಕಷ್ಟ. ಆದರೆ ಕಟ್ಟಿದ ಗೂಡುದೀಪ ಪಾರ್ಸೆಲಿನಲ್ಲಿ ಅರ್ಧ ಜಾಗ ತಿನ್ನುವುದಲ್ಲದೆ ಮೇಲೊಂದು ಚೀಲ ಬಿದ್ದರೆ ಮುಗಿಯಿತು. ನಾನು ಬಿದಿರಿನ ಕಡ್ಡಿಗಳಿಂದ ಚೌಕಟ್ಟುಗಳನ್ನು ಬೇರೆ ಬೇರೆಯಾಗಿ ಕಟ್ಟಿ, ಪ್ರತಿಯೊಂದಕ್ಕೂ ಬಣ್ಣದ ಕಾಗದ ಅಂಟಿಸಿ, ಮೂಲೆಗಳಲ್ಲಿ ನೂಲು ಬಿಟ್ಟು ಒಂದರ ಮೇಲೊಂದು ಮಡಚಿ ಕಳುಹಿಸುತ್ತೇನೆ. ನೂಲು ಗಂಟು ಹಾಕಿ ಗೂಡು ನಿಲ್ಲಿಸುವ ಕೆಲಸ ಮಕ್ಕಳದ್ದು. ಕಾಗದಕ್ಕೆ ಮೈದಾ ಅಂಟೇ ಸರಿ, ಆದರೆ ಜಿರಳೆಗೆ ಅದು ಬಹಳ ಇಷ್ಟ. ಹಳೆಯ ಪುಸ್ತಕ ಕಟ್ಟುವವರು ಮಾಡುತ್ತಿದ್ದಂತೆ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿದರೆ ಜಿರಳೆ ಮುಟ್ಟುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತಿಗೆ ಬರವಿಲ್ಲ. ಅದು ವಿಷವಾದ್ದರಿಂದ ಅಂಟಿನ ಪಾತ್ರೆಯನ್ನು ಅಡುಗೆಮನೆಯ ಹೊರಗೆ ಬೇರೆಯೇ ಇಟ್ಟಿದ್ದೇನೆ, ಗೂಡುದೀಪವನ್ನು ತಿಂಡಿಯ ಜತೆ ಸೇರಿಸದೆ ಪ್ರತ್ಯೇಕವಾಗಿ ಕಟ್ಟುತ್ತೇನೆ, ಒಳಗೆ ಎಣ್ಣೆದೀಪದ ಬದಲು ಸಣ್ಣ ಬಲ್ಬು ಇಡಿ ಎಂದೂ ಬರೆಯುತ್ತೇನೆ.

ಹೆಚ್ಚು ಖರ್ಚು ಮಾಡಲು ಸಿದ್ಧರಿರುವವರಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಕಾಸರಗೋಡು ಸೀರೆಯನ್ನು ಸೂಚಿಸುತ್ತೇನೆ. ಕೈಮಗ್ಗದ ಹತ್ತಿ ಸೀರೆ ಅದು, ಒಗೆದಷ್ಟೂ ಮೃದುವಾಗುತ್ತದೆ. ಈಗ ಮಗ್ಗದಲ್ಲಿ ಕೂರುವವರ ಸಂಖ್ಯೆ ಕುಗ್ಗಿರುವುದರಿಂದ ಮಳೆಗಾಲದ ಆರಂಭದಲ್ಲೇ ಹೇಳಿಟ್ಟರಷ್ಟೇ ಬೇಕಾದ ಬಣ್ಣ ಸಿಕ್ಕೀತು. ಎಲ್ಲ ಬುಟ್ಟಿಗಳಿಗೂ ಸೀರೆ ಸಾಧ್ಯವಿಲ್ಲವಾದ್ದರಿಂದ ಕೈಮಗ್ಗದ ಬೈರಾಸಿನಲ್ಲಿ ಬುಟ್ಟಿಯನ್ನು ಸುತ್ತಿ ಮೇಲೆ ಗಂಟು ಹಾಕುತ್ತೇನೆ. ಮಿನುಗುವ ಕಾಗದಕ್ಕೆ ಕೊಡುವ ಹಣಕ್ಕಿಂತ ಇದು ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ಬಿಚ್ಚಿದವರು ಅದನ್ನು ಮೈ ಒರೆಸಲು ಬಳಸುತ್ತಾರೆ.

ಮಾರುವವರಿಗೆ ಕಾಗದಪತ್ರದ ಕೆಲಸ ತಪ್ಪದು. ನಾನು ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕಾಗಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. 14 ಅಂಕಿಗಳ ಆ ಸಂಖ್ಯೆ, ಸಾಮಗ್ರಿಗಳ ಪಟ್ಟಿ, ತೂಕ, ತಯಾರಿಸಿದ ದಿನಾಂಕ, ಸಸ್ಯಾಹಾರದ ಹಸಿರು ಚಿಹ್ನೆ ಇವೆಲ್ಲ ಲೇಬಲ್ಲಿನಲ್ಲಿರಬೇಕು. ಈ ವಿವರಗಳು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇರಬೇಕೆಂಬುದು ನಿಯಮ. ಅದರ ಜತೆಗೆ ಬೇರೆ ಭಾಷೆಗೆ ಅಡ್ಡಿಯಿಲ್ಲ. ನಾನು ಕನ್ನಡವನ್ನು ದೊಡ್ಡದಾಗಿ ಮೇಲೆಯೂ ಮಲಯಾಳವನ್ನು ಅದರ ಕೆಳಗೂ ಮುದ್ರಿಸುತ್ತೇನೆ. ನಮ್ಮ ಘಟಕದಲ್ಲಿ ಹಪ್ಪಳ ಒತ್ತುವವರಲ್ಲಿ ಎರಡೂ ಭಾಷೆಯವರಿದ್ದಾರೆ, ತುಳುವಿನವರೂ ಇದ್ದಾರೆ.

ಕಟ್ಟುವಾಗ ಅಡಿಯಲ್ಲಿ ಕಾಳುಮೆಣಸು, ತೆಂಗಿನ ಸಕ್ಕರೆ, ಕಷಾಯದ ಪುಡಿಯಂಥ ತೂಕದವು, ಅದರ ಮೇಲೆ ಮಾಂಬಳ ಮತ್ತು ಎಳ್ಳುಂಡೆ, ಬದಿಯಲ್ಲಿ ಲಂಬವಾಗಿ ಹಪ್ಪಳದ ಕಟ್ಟು, ಎಲ್ಲಕ್ಕೂ ಮೇಲೆ ಚಿಪ್ಸು. ಹಪ್ಪಳವನ್ನು ಮಲಗಿಸಿದರೆ ಮೇಲಿನ ಭಾರಕ್ಕೆ ನಡುವೆ ಬಿರುಕು ಬಿಡುತ್ತದೆ, ನಿಲ್ಲಿಸಿದರೆ ಬಿಡುವುದಿಲ್ಲ. ಎಡೆಯ ಸಂದುಗಳಿಗೆ ಒಣ ಬಾಳೆಎಲೆ ತುರುಕುತ್ತೇನೆ. ಬೆಂಗಳೂರಿನ ಬುಟ್ಟಿಗಳು ರಾತ್ರಿ ಬಸ್ಸಿನ ಪಾರ್ಸೆಲಿನಲ್ಲಿ ಹೋಗುತ್ತವೆ. ನರಕ ಚತುರ್ದಶಿಯ ಹಿಂದಿನ ವಾರ ಬಸ್ಸುಗಳಲ್ಲಿ ಊರಿಗೆ ಬರುವವರ ಸಾಮಾನೇ ತುಂಬಿರುವುದು. ಆದರೆ ಊರಿನಿಂದ ಹೊರಡುವ ಬಸ್ಸುಗಳಲ್ಲಿ ಆಗ ಜಾಗ ಧಾರಾಳವಾಗಿರುತ್ತದೆ, ಪಾರ್ಸೆಲನ್ನು ಅದುಮದೆ ಇಡುತ್ತಾರೆ. ಆದುದರಿಂದ ಚಿಪ್ಸು ಕರಿಯುವುದನ್ನೂ ಬುಟ್ಟಿ ಕಟ್ಟುವುದನ್ನೂ ಆ ವಾರಕ್ಕೇ ಇಟ್ಟುಕೊಳ್ಳುತ್ತೇವೆ.